2023ರ ಮುಂಗಾರು ಬರ: ಬೆಳೆ ಪರಿಹಾರದ ದುಡ್ಡು ಯಾರಿಗೆ ತಲುಪಿತು, ಯಾರಿಗೆ ಕೈತಪ್ಪಿತು

2023ರ ಮುಂಗಾರಿನಲ್ಲಿ ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು ಘೋಷಣೆಯಾದವು. ಮರುವರ್ಷ ಮೇ ತಿಂಗಳಲ್ಲಿ ಪರಿಹಾರದ ಹಣ ರೈತರ ಖಾತೆಗೆ ಬರತೊಡಗಿದಾಗ ಹಳ್ಳಿಹಳ್ಳಿಯಲ್ಲೂ ಒಂದೇ ಪ್ರಶ್ನೆ ಎದ್ದಿತು: ಮಳೆ ಎಲ್ಲರಿಗೂ ಒಂದೇ ರೀತಿ ಕೈಕೊಟ್ಟಿತ್ತು, ಬದು ಹಂಚಿಕೊಂಡ ಎರಡು ಹೊಲದಲ್ಲೂ ಶೇಂಗಾ ಒಣಗಿತ್ತು, ಹಾಗಿದ್ದ ಮೇಲೆ ಒಬ್ಬರಿಗೆ ಹತ್ತು ಸಾವಿರದ ಮೇಲೆ, ಪಕ್ಕದವರಿಗೆ ಅದರ ಅರ್ಧ, ಇನ್ನೊಬ್ಬರಿಗೆ ಬಿಡಿಗಾಸೂ ಇಲ್ಲ ಏಕೆ? ಇದಕ್ಕೆ ಹೊಲದಲ್ಲಿ ನಿಂತು ಉತ್ತರ ಹುಡುಕಿದರೆ ಸಿಗುವುದಿಲ್ಲ. ಪಹಣಿ, ಎಫ್‌ಐಡಿ (ರೈತರ ಗುರುತಿನ ಸಂಖ್ಯೆ), ಬೆಳೆ ಸಮೀಕ್ಷೆ, ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ – ಈ ನಾಲ್ಕು ದಾಖಲೆ ಒಂದಕ್ಕೊಂದು ತಾಳೆಯಾದವರಿಗೆ ಹಣ ಬಂತು. ಎಲ್ಲಿ ಒಂದು ಕೊಂಡಿ ಕಳಚಿತ್ತೋ ಅಲ್ಲಿ ನಿಂತಿತು. ಆ ಕೊಂಡಿಗಳನ್ನು ಒಂದೊಂದಾಗಿ ಬಿಚ್ಚಿ ನೋಡುವುದು ಈ ಅಧ್ಯಯನದ ಕೆಲಸ.

ಘೋಷಣೆಯಿಂದ ಜಮೆಯವರೆಗೆ

ಆ ವರ್ಷದ ಆಗಸ್ಟ್ ದೇಶದ ಮಟ್ಟಿಗೆ 1901ರಿಂದೀಚೆಗಿನ ಅತ್ಯಂತ ಒಣ ಆಗಸ್ಟ್. ಬಿತ್ತನೆ ಮುಗಿದು ಬೆಳೆ ಹೂವು, ಕಾಯಿ ಹಿಡಿಯುವ ಹೊತ್ತಿಗೆ ಮಳೆ ಹೋಯಿತು. ಸೆಪ್ಟೆಂಬರ್ 13ರಂದು ರಾಜ್ಯ ಸರ್ಕಾರ 195 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿತು. ನವೆಂಬರ್ ವೇಳೆಗೆ ಪಟ್ಟಿ 223ಕ್ಕೆ ಬೆಳೆಯಿತು, ಅದರಲ್ಲಿ 196 ತೀವ್ರ ಬರದವು. ಈ ‘ತೀವ್ರ’ ಎಂಬ ವರ್ಗೀಕರಣವೇ ಮುಖ್ಯ. ಕೇಂದ್ರದ 2016ರ ಬರ ಕೈಪಿಡಿಯ ಪ್ರಕಾರ ರಾಷ್ಟ್ರೀಯ ವಿಪತ್ತು ಪರಿಹಾರ ನಿಧಿಯಿಂದ, ಅಂದರೆ ಎನ್‌ಡಿಆರ್‌ಎಫ್‌ನಿಂದ, ನೆರವು ಕೇಳಲು ಬರ ತೀವ್ರವಾಗಿರಬೇಕು. ಸಾಧಾರಣ ಬರಕ್ಕೆ ಆ ಬಾಗಿಲು ತೆರೆಯುವುದಿಲ್ಲ.

ಅಕ್ಟೋಬರ್ 4ರಿಂದ 9ರವರೆಗೆ ಕೇಂದ್ರ ತಂಡ ಬಂದು ನೋಡಿ ಹೋಯಿತು. ರಾಜ್ಯ ಕೇಳಿದ್ದು ಒಟ್ಟು 18,171.44 ಕೋಟಿ ರೂಪಾಯಿ. ಅದರಲ್ಲಿ ಬೆಳೆ ಹಾನಿಗೆಂದು ಕೇಳಿದ ಇನ್‌ಪುಟ್ ಸಬ್ಸಿಡಿ 4,663.12 ಕೋಟಿ. ಹಣ ಬಾರದೆ ತಿಂಗಳುಗಳು ಉರುಳಿದಾಗ ರಾಜ್ಯ ತನ್ನ ಕೈಯಿಂದ ಪ್ರತಿ ರೈತರಿಗೆ ಗರಿಷ್ಠ 2,000 ರೂಪಾಯಿಯ ಮೊದಲ ಕಂತನ್ನು 2024ರ ಜನವರಿಯಿಂದ ಕೊಡತೊಡಗಿತು. ಮಾರ್ಚ್ 23ರಂದು ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಏಪ್ರಿಲ್ ಕೊನೆಯ ವಾರದಲ್ಲಿ ಕೇಂದ್ರದಿಂದ 3,454 ಕೋಟಿ ಬಿಡುಗಡೆಯಾಯಿತು. ಬಾಕಿ ಹಣ ರೈತರ ಖಾತೆ ಮುಟ್ಟಿದ್ದು ಮೇನಲ್ಲಿ.

ಇಲ್ಲಿ ಒಂದು ಮಾತು ಹೇಳಲೇಬೇಕು. ಇನ್‌ಪುಟ್ ಸಬ್ಸಿಡಿ ನಷ್ಟವನ್ನು ತುಂಬಿಕೊಡುವ ಹಣವಲ್ಲ, ಮತ್ತೆ ಬಿತ್ತಲು ಬೀಜ ಗೊಬ್ಬರಕ್ಕೆ ಆಸರೆಯಾಗಲಿ ಎಂದು ಕೊಡುವಂಥದ್ದು. ಸುಪ್ರೀಂ ಕೋರ್ಟಿನ ಅರ್ಜಿಯಲ್ಲಿ ರಾಜ್ಯ ಅಂದಾಜಿಸಿದ ಬೆಳೆ ನಷ್ಟ 48 ಲಕ್ಷ ಹೆಕ್ಟೇರ್ ಮೇಲೆ 35,162 ಕೋಟಿ. ಬೆಳೆ ಹಾನಿಗೆಂದು ಕೇಳಲು ನಿಯಮ ಬಿಟ್ಟದ್ದು ಅದರ ಸುಮಾರು ಶೇ. 13ರಷ್ಟು. ಅದೂ ಹಿಂಗಾರು ಬಿತ್ತನೆಗೆ ಸಿಗದೆ ಮುಂದಿನ ಮುಂಗಾರಿನ ಹೊಸ್ತಿಲಲ್ಲಿ ಸಿಕ್ಕಿತು. ಅಷ್ಟರಲ್ಲಿ ಸಣ್ಣ ರೈತರು ಕೈಸಾಲ ಮಾಡಿಯೋ ದನ ಮಾರಿಯೋ ಒಂದು ಹಂಗಾಮು ದಾಟಿಬಿಟ್ಟಿರುತ್ತಾರೆ. ಮೊತ್ತ ಕಡಿಮೆ ಎಂಬುದಕ್ಕಿಂತ ತಡವೇ ಈ ವ್ಯವಸ್ಥೆಯ ದೊಡ್ಡ ಲೋಪ.

ಎಷ್ಟು ಬರಬೇಕಿತ್ತು

2022–23ರಿಂದ 2025–26ರ ಅವಧಿಗೆ ಕೇಂದ್ರ ಗೃಹ ಸಚಿವಾಲಯ ನಿಗದಿಪಡಿಸಿದ ದರ ಹೆಕ್ಟೇರಿಗೆ ಹೀಗಿತ್ತು: ಮಳೆಯಾಶ್ರಿತ ಬೆಳೆಗೆ 8,500 ರೂಪಾಯಿ, ನೀರಾವರಿ ಬೆಳೆಗೆ 17,000, ಅಡಿಕೆ, ತೆಂಗು, ಮಾವಿನಂಥ ಬಹುವಾರ್ಷಿಕ ಬೆಳೆಗೆ 22,500. ಬೆಳೆ ಶೇ. 33 ಅಥವಾ ಅದಕ್ಕಿಂತ ಹೆಚ್ಚು ಹಾಳಾಗಿರಬೇಕು. ಒಬ್ಬ ರೈತರಿಗೆ ಎರಡು ಹೆಕ್ಟೇರ್ ಮಿತಿ. ಕನಿಷ್ಠ ಮೊತ್ತ ಕ್ರಮವಾಗಿ 1,000, 2,000 ಮತ್ತು 2,500.

ನಮ್ಮಲ್ಲಿ ಹೆಕ್ಟೇರ್ ಲೆಕ್ಕ ಯಾರಿಗೂ ನಾಲಿಗೆಯ ತುದಿಯಲ್ಲಿರುವುದಿಲ್ಲ, ಹಾಗಾಗಿ ಗುಂಟೆಗೆ ಇಳಿಸಿ ನೋಡುವುದು ಒಳ್ಳೆಯದು. ಮಳೆಯಾಶ್ರಿತಕ್ಕೆ ಗುಂಟೆಗೆ 86 ರೂಪಾಯಿ, ಎಕರೆಗೆ ಸುಮಾರು 3,440. ನೀರಾವರಿಗೆ ಎಕರೆಗೆ 6,880, ಬಹುವಾರ್ಷಿಕಕ್ಕೆ 9,105ರ ಆಸುಪಾಸು. ಎರಡು ಹೆಕ್ಟೇರ್ ಎಂದರೆ ನಾಲ್ಕು ಎಕರೆ ಮೂವತ್ತೇಳು ಗುಂಟೆ ಚಿಲ್ಲರೆ. ಹಾಗಾಗಿ ಇಪ್ಪತ್ತು ಎಕರೆ ಖುಷ್ಕಿ (ಮಳೆಯಾಶ್ರಿತ) ಜಮೀನಿದ್ದವರಿಗೂ ಸಿಗುವುದು 17,000 ಮಾತ್ರ. ಮಿತಿ ಸರ್ವೆ ನಂಬರಿಗಲ್ಲ, ರೈತರಿಗೆ. ಮೂರು ಸರ್ವೆ ನಂಬರಿನಲ್ಲಿ ಜಮೀನಿದ್ದರೂ ಒಟ್ಟು ಎರಡು ಹೆಕ್ಟೇರಿಗೇ ಲೆಕ್ಕ ಮುಗಿಯುತ್ತದೆ.

ಪಾವಗಡದ ಕಡೆಯ ಒಂದು ಶೇಂಗಾ ಹೊಲವನ್ನು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಮೂರು ಎಕರೆ ಇಪ್ಪತ್ತು ಗುಂಟೆ, ಮಳೆಯಾಶ್ರಿತ. 140 ಗುಂಟೆ ಎಂದರೆ 1.416 ಹೆಕ್ಟೇರ್, ಪರಿಹಾರ 12,039 ರೂಪಾಯಿ. ಜನವರಿಯಲ್ಲಿ ಬಂದ 2,000 ಕಳೆದು ಮೇನಲ್ಲಿ ಬರಬೇಕಾದ್ದು 10,039. ಇದೇ ರೈತರ ಎಫ್‌ಐಡಿಗೆ ಎರಡು ಎಕರೆಯ ಸರ್ವೆ ನಂಬರ್ ಮಾತ್ರ ಸೇರಿದ್ದು, ಒಂದೂವರೆ ಎಕರೆಯದು ಸೇರದೆ ಉಳಿದಿದ್ದರೆ ಒಟ್ಟು 6,880, ಮೇನಲ್ಲಿ ಬರುವುದು 4,880. ಬೆಳೆ ಒಣಗಿದ್ದು ಅಷ್ಟೇ, ಕೈಗೆ 5,159 ರೂಪಾಯಿ ಕಡಿಮೆ. ‘ಅರ್ಧಂಬರ್ಧ ಬಂತು’ ಎಂಬ ದೂರುಗಳನ್ನು ಬಿಡಿಸುವಾಗ ಮೊದಲು ನೋಡಬೇಕಾದದ್ದು ಇದನ್ನೇ.

ಮೇನಲ್ಲಿ ಏನೂ ಬರದವರೆಲ್ಲ ವಂಚಿತರಲ್ಲ ಎಂಬುದೂ ಈ ಲೆಕ್ಕದಿಂದಲೇ ತಿಳಿಯುತ್ತದೆ. 23 ಗುಂಟೆ ಖುಷ್ಕಿಗೆ ಒಟ್ಟು 1,978 ರೂಪಾಯಿ. ಅಷ್ಟು ಅಥವಾ ಅದಕ್ಕಿಂತ ಕಡಿಮೆ ಜಮೀನಿದ್ದವರ ಪೂರ್ತಿ ಪಾಲು ಮೊದಲ ಕಂತಿನಲ್ಲೇ ಮುಗಿದಿರುತ್ತದೆ. ಇನ್ನೊಂದು ಗೊಂದಲವೂ ಇದೆ: ಪಿಎಂ ಕಿಸಾನ್ ಕಂತೂ 2,000 ರೂಪಾಯಿಯೇ. ಪಾಸ್‌ಬುಕ್ಕಿನಲ್ಲಿ ಅದನ್ನು ಕಂಡು ಬರ ಪರಿಹಾರ ಬಂತೆಂದು ಸುಮ್ಮನಾಗುವುದು, ಇಲ್ಲವೇ ಬರ ಪರಿಹಾರವನ್ನೇ ಪಿಎಂ ಕಿಸಾನ್ ಎಂದುಕೊಂಡು ಕಚೇರಿಗೆ ಅಲೆಯುವುದು, ಎರಡಕ್ಕೂ ಅವಕಾಶವಿದೆ. ಜಮೆಯ ಎದುರು ಯೋಜನೆಯ ಹೆಸರು ಏನಿದೆ ಎಂದು ನೋಡದೆ ಯಾವ ತೀರ್ಮಾನಕ್ಕೂ ಬರಬಾರದು. ಬೆಳೆ ವಿಮೆ ಇವೆರಡಕ್ಕಿಂತಲೂ ಬೇರೆ; ಅದು ಕಂತು ಕಟ್ಟಿದವರಿಗೆ, ಬೆಳೆ ಕಟಾವು ಪ್ರಯೋಗದ ಇಳುವರಿ ನೋಡಿ ಬರುವಂಥದ್ದು.

ಪಟ್ಟಿ ತಯಾರಾಗುವ ಬಗೆ

ನೆರೆ ಬಂದಾಗ ಅಧಿಕಾರಿಗಳು ಹಾಳಾದ ಹೊಲಗಳಿಗೆ ಹೋಗಿ ಜಂಟಿ ಸಮೀಕ್ಷೆ ಮಾಡುತ್ತಾರೆ. ಬರದಲ್ಲಿ ಹಾಗಲ್ಲ. ಮಳೆಯ ಕೊರತೆ, ಉಪಗ್ರಹದಿಂದ ಕಂಡ ಹಸಿರಿನ ಪ್ರಮಾಣ, ಮಣ್ಣಿನ ತೇವ, ಬಿತ್ತನೆಯ ವಿಸ್ತೀರ್ಣ ನೋಡಿ ತಾಲ್ಲೂಕನ್ನು ಗುರುತಿಸಿ, ಅದರ ಶೇ. 10ರಷ್ಟು ಹಳ್ಳಿಗಳನ್ನು ಆಯ್ದು ಹೊಲಕ್ಕಿಳಿದು ಖಚಿತಪಡಿಸಿಕೊಳ್ಳುತ್ತಾರೆ. ಅಲ್ಲಿಗೆ ಹಾನಿಯ ನಿರ್ಣಯ ಮುಗಿಯಿತು. ನಿಮ್ಮ ಹೊಲಕ್ಕೆ ಯಾರೂ ಬರಲಿಲ್ಲ ಎಂಬ ಕಾರಣಕ್ಕೆ ಪರಿಹಾರ ತಪ್ಪಿರುವುದಿಲ್ಲ. ಯಾರ ಹೆಸರಿಗೆ ಎಷ್ಟು ಎಂಬುದನ್ನು ಕಂಪ್ಯೂಟರ್ ಕೂಡಿಸುತ್ತದೆ: ರೈತರ ನೋಂದಣಿಯ ಫ್ರೂಟ್ಸ್ ತಂತ್ರಾಂಶದಿಂದ (ಎಫ್‌ಐಡಿ ಸಂಖ್ಯೆ ಕೊಡುವುದು ಇದೇ) ರೈತರ ಗುರುತು ಮತ್ತು ಜಮೀನು, ಬೆಳೆ ಸಮೀಕ್ಷೆಯಿಂದ ಬೆಳೆ ಮತ್ತು ವಿಸ್ತೀರ್ಣ, ಎರಡೂ ಸೇರಿ ಕಂದಾಯ ಇಲಾಖೆಯ ‘ಪರಿಹಾರ’ ತಂತ್ರಾಂಶದಲ್ಲಿ ಮೊತ್ತವಾಗುತ್ತದೆ, ಅಲ್ಲಿಂದ ಆಧಾರ್ ಆಧಾರಿತ ನೇರ ವರ್ಗಾವಣೆ.

ಹಿಂದೆ ಈ ಪಟ್ಟಿಯನ್ನು ಗ್ರಾಮ ಲೆಕ್ಕಿಗರು ಕೈಯಿಂದಲೇ ನಮೂದಿಸುತ್ತಿದ್ದರು. ಜಮೀನೇ ಇಲ್ಲದವರ ಖಾತೆಗೆ ಹಣ ಹೋದ ಪ್ರಕರಣಗಳೂ ಆಗ ನಡೆದಿದ್ದವು. ಅದನ್ನು ತಡೆಯಲೆಂದೇ 2023ರಲ್ಲಿ ಫ್ರೂಟ್ಸ್ ದತ್ತಾಂಶವನ್ನೇ ಆಧಾರವಾಗಿಟ್ಟುಕೊಂಡರು. ನಿರ್ಧಾರ ಸರಿ. ಮಧ್ಯದಲ್ಲಿ ಕೈ ಚಾಚುವವರಿಗೆ ಜಾಗ ಕಡಿಮೆಯಾಯಿತು. ಆದರೆ ದಾಖಲೆ ಸರಿಯಿಲ್ಲದ ಪ್ರಾಮಾಣಿಕ ರೈತರೂ ಅದೇ ಜರಡಿಯಲ್ಲಿ ಉಳಿದುಬಿಟ್ಟರು. ಎಲ್ಲ ಜಮೀನೂ ಫ್ರೂಟ್ಸ್‌ಗೆ ಸೇರಿಲ್ಲ ಎಂದು ಮನಗಂಡು ಬರದ ನಡುವೆಯೇ ನೋಂದಣಿ ಅಭಿಯಾನ ನಡೆಸಬೇಕಾಯಿತು.

ಮೊದಲ ಕೊಂಡಿ: ಎಫ್‌ಐಡಿ

‘ಎಫ್‌ಐಡಿ ಮಾಡಿಸಿದ್ದೇನೆ’ ಎಂದರೆ ಕೆಲಸ ಮುಗಿದಂತಲ್ಲ. ಸಂಖ್ಯೆ ಸಿಕ್ಕಿರಬಹುದು, ಎಲ್ಲ ಸರ್ವೆ ನಂಬರ್ ಅದರೊಳಗೆ ಸೇರಿರಲಿಕ್ಕಿಲ್ಲ. ಪಿಎಂ ಕಿಸಾನ್‌ಗೋ ಬೀಜದ ರಿಯಾಯಿತಿಗೋ ಎಂದು ಅವಸರದಲ್ಲಿ ಒಂದೇ ಪಹಣಿ ಕೊಟ್ಟು ನೋಂದಾಯಿಸಿಕೊಂಡವರಿಗೆ ಉಳಿದ ಜಮೀನಿನ ಪರಿಹಾರ ಬರುವುದಿಲ್ಲ. ಪಕ್ಕದ ಹೋಬಳಿಯಲ್ಲಿರುವ ತುಂಡು, ಹೆಂಡತಿಗೆ ತವರಿನಿಂದ ಬಂದ ಜಮೀನು, ಹೊಸದಾಗಿ ಕೊಂಡದ್ದು – ಬಿಟ್ಟುಹೋಗುವುದು ಸಾಮಾನ್ಯವಾಗಿ ಇಂಥವೇ. ಪೋಡಿಯಾಗಿ, ಅಂದರೆ ಜಮೀನು ಅಳೆದು ಬೇರೆ ಮಾಡಿ, ಹಿಸ್ಸಾ ನಂಬರ್ ಬದಲಾದಾಗಲೂ ಎಫ್‌ಐಡಿಯಲ್ಲಿ ಹಳೆಯ ನಂಬರೇ ಕುಳಿತಿರುತ್ತದೆ.

ಮಾಡಬೇಕಾದದ್ದು ಸರಳ. ಆಧಾರ್, ಎಲ್ಲ ಜಮೀನಿನ ಇತ್ತೀಚಿನ ಪಹಣಿ, ಬ್ಯಾಂಕ್ ಪಾಸ್‌ಬುಕ್ ಹಿಡಿದು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ. ತೋಟಗಾರಿಕೆ, ರೇಷ್ಮೆ, ಪಶುಸಂಗೋಪನೆ ಇಲಾಖೆಯ ಕಚೇರಿಗಳಲ್ಲೂ ನೋಂದಣಿ ಆಗುತ್ತದೆ. ಪರದೆಯ ಮೇಲೆ ಎಫ್‌ಐಡಿ ತೆರೆಸಿ, ಸರ್ವೆ ನಂಬರ್, ಹಿಸ್ಸಾ, ವಿಸ್ತೀರ್ಣ ಮೂರನ್ನೂ ಪಹಣಿಯ ಜೊತೆ ಸಾಲುಸಾಲಾಗಿ ಓದಿಸಿಕೊಳ್ಳಿ. ಎರಡು ನಿಮಿಷದ ಕೆಲಸ, ಆದರೂ ಬಹಳ ಜನ ಸಂಖ್ಯೆ ಬರೆದುಕೊಂಡು ಎದ್ದು ಬರುತ್ತಾರೆ.

ಎರಡನೆಯದು: ಪಹಣಿಯಲ್ಲಿರುವ ಹೆಸರು

ಏನೂ ಬಾರದವರ ಪ್ರಕರಣಗಳಲ್ಲಿ ಬಿಡಿಸಲು ಅತಿ ಕಷ್ಟದ್ದು ಇದು. ಪಹಣಿಯ 9ನೇ ಕಾಲಂನಲ್ಲಿ ಇರುವುದು ಎಂದೋ ತೀರಿಕೊಂಡ ತಂದೆಯ ಅಥವಾ ಅಜ್ಜನ ಹೆಸರು. ಉಳುವವರು ಮಕ್ಕಳು. ಬಾಯಿಮಾತಿನಲ್ಲಿ ಭಾಗವಾಗಿದೆ, ಬದು ಹಾಕಿಕೊಂಡಿದ್ದಾರೆ, ಯಾರಿಗೂ ತಕರಾರಿಲ್ಲ. ಆದರೆ ಸತ್ತವರ ಹೆಸರಿನಲ್ಲಿ ಎಫ್‌ಐಡಿ ಆಗುವುದಿಲ್ಲ, ಬದುಕಿರುವವರ ಹೆಸರು ಪಹಣಿಯಲ್ಲಿಲ್ಲ. ಹಾಗಾಗಿ ಆ ಜಮೀನು ತಂತ್ರಾಂಶದ ಕಣ್ಣಿಗೇ ಬೀಳುವುದಿಲ್ಲ. ಗಂಡ ತೀರಿಕೊಂಡು ಒಬ್ಬಳೇ ದುಡಿಯುವ ಹೆಣ್ಣುಮಗಳಿಗೆ ಇದರಿಂದ ಆಗುವ ಅನ್ಯಾಯ ಹೆಚ್ಚು. ಮೈದುನ, ಭಾವಂದಿರು ಸಹಿ ಹಾಕದೆ ಖಾತೆ ಬದಲಾಗಿರುವುದಿಲ್ಲ. ಹಣಕ್ಕೆ ಅಡ್ಡ ನಿಂತಿರುವುದು ಮನೆಯೊಳಗಿನ ಜಗಳ.

ಪೌತಿ ಖಾತೆಯೇ, ಅಂದರೆ ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವುದೇ, ದಾರಿ. ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಎಲ್ಲ ವಾರಸುದಾರರ ಆಧಾರ್ ಬೇಕು. ಅರ್ಜಿ ಕೊಟ್ಟ ಮೇಲೆ ಆಕ್ಷೇಪಣೆಗೆ ನೋಟಿಸ್, ತಕರಾರು ಇಲ್ಲದಿದ್ದರೆ ಮ್ಯುಟೇಶನ್ (ಹಕ್ಕು ಬದಲಾವಣೆಯ ನಮೂದು), ಆಮೇಲೆ ಪಹಣಿಯಲ್ಲಿ ಹೆಸರು. ಇದು ಎಡವುವುದು ಮರಣ ಪ್ರಮಾಣಪತ್ರದ ಬಳಿ. ಸಾವನ್ನು ಆಗಲೇ ನೋಂದಾಯಿಸದೆ ಒಂದು ವರ್ಷ ದಾಟಿದ್ದರೆ ಮ್ಯಾಜಿಸ್ಟ್ರೇಟ್ ಆದೇಶ ಬೇಕಾಗುತ್ತದೆ. ಬರ ಘೋಷಣೆಯಾದ ಮೇಲೆ ಇದನ್ನೆಲ್ಲ ಶುರು ಮಾಡಿದರೆ ಆ ಸಲದ ಹಣಕ್ಕೆ ಸಿಗುವುದು ಅನುಮಾನ. ಭಾಗದ ವಿಚಾರ ಇತ್ಯರ್ಥವಾಗದಿದ್ದರೂ ಎಲ್ಲ ವಾರಸುದಾರರ ಹೆಸರು ಜಂಟಿಯಾಗಿ ಬರುವಂತೆ ಮೊದಲು ಪೌತಿ ಮಾಡಿಸಿಕೊಳ್ಳಬಹುದು. ಭಾಗ ಮಾಡಲು ಬೇಕಾದ 11ಇ ನಕ್ಷೆ, ವಿಭಾಗ, ಪೋಡಿ ಆಮೇಲೆ. ಭಾಗ ಆಗಲಿ ಎಂದು ಪೌತಿಯನ್ನೇ ಕಾಯಿಸುವುದು ಬೇಡ.

ಹೆಸರು ಇದ್ದೂ ತಾಳೆಯಾಗದ ಪ್ರಕರಣಗಳು ಇನ್ನೊಂದು ಗುಂಪು. ಪಹಣಿಯಲ್ಲಿ ‘ಹನುಮಂತಪ್ಪ ಬಿನ್ ತಿಮ್ಮಪ್ಪ’, ಆಧಾರ್‌ನಲ್ಲಿ ‘ಹನುಮಂತರಾಯಪ್ಪ ಟಿ.’ ಊರಿನವರಿಗೆ ಇಬ್ಬರೂ ಒಬ್ಬರೇ. ತಂತ್ರಾಂಶಕ್ಕೆ ಇಬ್ಬರು ಬೇರೆ. ಹೆಣ್ಣುಮಕ್ಕಳ ವಿಷಯದಲ್ಲಿ ಪಹಣಿಯಲ್ಲಿ ‘ಕೋಂ’ ಎಂದು ಗಂಡನ ಹೆಸರು, ಆಧಾರ್‌ನಲ್ಲಿ ತಂದೆಯ ಹೆಸರು ಇರುವುದುಂಟು. ವ್ಯತ್ಯಾಸ ಚಿಕ್ಕದಾದರೆ ರೈತ ಸಂಪರ್ಕ ಕೇಂದ್ರದ ಅಧಿಕಾರಿ ಪರಿಶೀಲಿಸಿ ಅನುಮೋದಿಸುತ್ತಾರೆ. ಹೆಸರೇ ಬೇರೆಯಾಗಿ ಕಂಡರೆ ಒಂದು ಕಡೆ ತಿದ್ದಿಸಲೇಬೇಕು. ಪಹಣಿ ತಿದ್ದಿಸುವುದಕ್ಕಿಂತ ಆಧಾರ್ ತಿದ್ದಿಸುವುದು ಬೇಗ ಆಗುತ್ತದೆ, ಆದರೆ ಬ್ಯಾಂಕ್, ಪಡಿತರ ಚೀಟಿ, ಪಿಂಚಣಿ ಎಲ್ಲದರಲ್ಲೂ ಆಧಾರ್‌ನ ಹೆಸರೇ ಇದ್ದರೆ ಅದನ್ನು ಮುಟ್ಟದೆ ಪಹಣಿಯ ತಿದ್ದುಪಡಿಗೆ ಅರ್ಜಿ ಕೊಡುವುದೇ ಲೇಸು. 2024ರಲ್ಲಿ ಕಂದಾಯ ಇಲಾಖೆ ಪಹಣಿಗೆ ಆಧಾರ್ ಜೋಡಿಸುವ ಕೆಲಸ ಕೈಗೆತ್ತಿಕೊಂಡಿತು. ಅದನ್ನು ಮಾಡಿಸಿಕೊಂಡವರಿಗೆ ಈ ತೊಡಕು ಎಲ್ಲಿದೆ ಎಂಬುದು ಮೊದಲೇ ಗೊತ್ತಾಗುತ್ತದೆ.

ಮೂರನೆಯದು: ಬೆಳೆ ಸಮೀಕ್ಷೆ

ಪ್ರತಿ ಹಂಗಾಮಿನಲ್ಲಿ ಊರಿನ ಪಿ.ಆರ್. ಎಂದು ಕರೆಯುವ ಸಮೀಕ್ಷೆಗಾರರು ಮೊಬೈಲ್ ಆ್ಯಪ್ ಹಿಡಿದು ಹೊಲಕ್ಕೆ ಬಂದು, ಬೆಳೆಯ ಹೆಸರು, ಎಷ್ಟು ಗುಂಟೆ, ಮಳೆಯಾಶ್ರಿತವೋ ನೀರಾವರಿಯೋ ಎಂದು ನಮೂದಿಸಿ ಜಿಪಿಎಸ್ ಇರುವ ಫೋಟೊ ತೆಗೆಯುತ್ತಾರೆ. 2020ರ ಮುಂಗಾರಿನಿಂದ ರೈತರೇ ಅಪ್‌ಲೋಡ್ ಮಾಡುವ ಆ್ಯಪ್ ಕೂಡ ಇದೆ. ಇಲ್ಲಿ ‘ಬೀಳು’ ಎಂದು ದಾಖಲಾದರೆ ಆ ಹೊಲಕ್ಕೆ ಸೊನ್ನೆ. ಬರದ ವರ್ಷ ಇದು ಸುಲಭವಾಗಿ ಆಗುವ ತಪ್ಪು: ಬಿತ್ತಿದ್ದು ಮೊಳೆಯದೆ ಹೋಗಿದೆ ಅಥವಾ ಒಣಗಿದ್ದನ್ನು ದನಕ್ಕೆ ಬಿಟ್ಟು ಆಗಿದೆ, ಸಮೀಕ್ಷೆಗಾರರು ಬಂದಾಗ ಕಾಣುವುದು ಬರಿ ನೆಲ. ಅಕ್ಕಡಿ ಸಾಲಿನ ಬೆಳೆಗಳಲ್ಲಿ ವಿಸ್ತೀರ್ಣ ಹಂಚುವಾಗಲೂ ಗುಂಟೆಗಳು ತಪ್ಪುತ್ತವೆ. ನೀರಿನ ಮೂಲದ ನಮೂದು ಇನ್ನೂ ಸೂಕ್ಷ್ಮ. ಬತ್ತಿಹೋದ ಕೊಳವೆಬಾವಿ ಇದೆ ಎಂಬ ಕಾರಣಕ್ಕೆ ‘ನೀರಾವರಿ’ ಎಂದು ದಾಖಲಾದರೆ ದರ ಹೆಚ್ಚು ಎಂದು ಖುಷಿಪಡುವಂತಿಲ್ಲ. ನೀರಾವರಿ ಬೆಳೆ ಬರದಲ್ಲೂ ಉಳಿದಿದೆ ಎಂದು ಎಣಿಸಿದರೆ ಹೊಲ ಪಟ್ಟಿಯಿಂದಲೇ ಹೊರಗೆ ಬೀಳಬಹುದು.

ತನ್ನ ಹೊಲಕ್ಕೆ ಏನು ದಾಖಲಾಗಿದೆ ಎಂದು ‘ಬೆಳೆ ದರ್ಶಕ’ ಆ್ಯಪ್‌ನಲ್ಲಿ ಫೋಟೊ ಸಮೇತ ನೋಡಬಹುದು, ತಪ್ಪಿದ್ದರೆ ಅಲ್ಲೇ ಆಕ್ಷೇಪಣೆ ಹಾಕಬಹುದು. ಆಕ್ಷೇಪಣೆಗೆ ಕಾಲಮಿತಿ ಇದೆ. ಬೆಳೆ ಹೊಲದಲ್ಲಿ ನಿಂತಿರುವಾಗಲೇ, ಬಿತ್ತಿದ ತಿಂಗಳೊಳಗೆ ಒಂದು ಸಲ ನೋಡಿಬಿಡಬೇಕು. ಕಟಾವಾದ ಮೇಲೆ ಬಂದ ಆಕ್ಷೇಪಣೆಗೆ ಸಾಕ್ಷಿ ಏನಿರುತ್ತದೆ?

ನಾಲ್ಕನೆಯದು: ಬ್ಯಾಂಕ್

ಪಟ್ಟಿಯಲ್ಲಿ ಹೆಸರಿದೆ, ಮೊತ್ತ ಮಂಜೂರಾಗಿದೆ, ಹಣ ಬಂದಿಲ್ಲ. ಇಲ್ಲಿ ತಿಳಿದಿರಬೇಕಾದ ಸಂಗತಿ ಒಂದೇ: ಹಣ ಹೋಗುವುದು ಖಾತೆ ಸಂಖ್ಯೆಗಲ್ಲ, ಆಧಾರ್ ಸಂಖ್ಯೆಗೆ. ಆ ಆಧಾರ್ ಯಾವ ಬ್ಯಾಂಕಿಗೆ ಸೇರಿದೆ ಎಂಬ ಪಟ್ಟಿ ಎನ್‌ಪಿಸಿಐ ಎಂಬ ಸಂಸ್ಥೆಯ ಬಳಿ ಇರುತ್ತದೆ. ಒಂದು ಆಧಾರ್‌ಗೆ ಒಂದೇ ಬ್ಯಾಂಕ್. ಕೊನೆಯದಾಗಿ ಜೋಡಣೆ ಮಾಡಿದ್ದು ಯಾವುದೋ ಅದು. ಎಫ್‌ಐಡಿ ಮಾಡಿಸುವಾಗ ಕೊಟ್ಟ ಪಾಸ್‌ಬುಕ್ ಒಂದು ಬ್ಯಾಂಕಿನದು, ನಂತರ ಸಿಮ್ ಕೊಳ್ಳುವಾಗಲೋ ಸಂಘದ ಸಾಲಕ್ಕೋ ತೆರೆದ ಇನ್ನೊಂದು ಖಾತೆ ಇದ್ದರೆ ಹಣ ಆ ಎರಡನೆಯದಕ್ಕೆ ಹೋಗಿ ಕುಳಿತಿರುತ್ತದೆ. ಮನೆಯವರು ಮೊದಲನೆಯ ಪಾಸ್‌ಬುಕ್ಕನ್ನೇ ಮತ್ತೆ ಮತ್ತೆ ಎಂಟ್ರಿ ಹಾಕಿಸುತ್ತಿರುತ್ತಾರೆ.

‘ಆಧಾರ್ ಕೊಟ್ಟಿದ್ದೀನಲ್ಲ ಸಾರ್’ ಎಂಬ ಮಾತು ಬ್ಯಾಂಕಿನಲ್ಲಿ ದಿನಾ ಕೇಳುತ್ತದೆ. ಕೆವೈಸಿಗೆ ಆಧಾರ್ ಕೊಡುವುದು ಬೇರೆ, ಸರ್ಕಾರಿ ಹಣ ಈ ಖಾತೆಗೆ ಬರಲಿ ಎಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಎನ್‌ಪಿಸಿಐ ಜೋಡಣೆ ಮಾಡಿಸುವುದು ಬೇರೆ. ಯಾವ ಬ್ಯಾಂಕಿಗೆ ಜೋಡಣೆಯಾಗಿದೆ, ಅದು ಚಾಲ್ತಿಯಲ್ಲಿದೆಯೇ ಎಂಬುದನ್ನು ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಮೊಬೈಲ್‌ಗೆ ಬರುವ ಒಟಿಪಿ ಕೊಟ್ಟು ನೋಡಬಹುದು. ಜನಧನ ಕಾಲದಲ್ಲಿ ಪೂರ್ಣ ದಾಖಲೆ ಇಲ್ಲದೆ ತೆರೆದ ಸಣ್ಣ ಖಾತೆಗಳಿಗೆ ವರ್ಷಕ್ಕೆ ಒಂದು ಲಕ್ಷದ ಜಮೆಯ ಮಿತಿ ಇದೆ; ಮಿತಿ ದಾಟಿದಾಗ ಜಮೆ ವಾಪಸಾಗಬಹುದು. ಬ್ಯಾಂಕಿನಲ್ಲಿ ಕೆವೈಸಿ ಪೂರ್ತಿ ಮಾಡಿಸಿದರೆ ಇದು ನೀಗುತ್ತದೆ.

ಹಣ ಬಂದವರಿಗೂ 2024ರ ಮೇನಲ್ಲಿ ಇನ್ನೊಂದು ಪೆಟ್ಟು ಬಿತ್ತು. ಕೆಲವೆಡೆ ಬ್ಯಾಂಕ್‌ಗಳು ಆ ಹಣವನ್ನು ಹಳೆಯ ಬೆಳೆ ಸಾಲಕ್ಕೆ ಮುರಿದುಕೊಂಡವು. ಹಾಗೆ ಮಾಡಬಾರದೆಂದು ರಾಜ್ಯ ಸರ್ಕಾರ ಸ್ಪಷ್ಟ ಸೂಚನೆ ಕೊಟ್ಟಿತು. ಹೀಗಾದಾಗ ಶಾಖಾ ವ್ಯವಸ್ಥಾಪಕರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆದು, ಪಾಸ್‌ಬುಕ್ಕಿನ ಆ ಪುಟದ ಪ್ರತಿಯೊಡನೆ ತಹಶೀಲ್ದಾರರಿಗೂ ಲೀಡ್ ಬ್ಯಾಂಕ್ ವ್ಯವಸ್ಥಾಪಕರಿಗೂ ಕೊಡಬೇಕು. ಬಾಯಿಮಾತಿನ ದೂರಿಗೆ ಹಣ ಮರಳುವುದು ಅಪರೂಪ.

ಯಾವ ಬಾಗಿಲು ತಟ್ಟಬೇಕು

ಕಚೇರಿಗೆ ಹೋಗುವ ಮೊದಲು ‘ಪರಿಹಾರ’ ಪೋರ್ಟಲ್‌ನಲ್ಲಿ ವರ್ಷ, ಹಂಗಾಮು, ವಿಪತ್ತಿನ ವಿಧ ಆರಿಸಿ ಹುಡುಕಿ. ಹೆಸರೇ ಇಲ್ಲದಿದ್ದರೆ ತೊಡಕು ಎಫ್‌ಐಡಿ, ಪಹಣಿ ಅಥವಾ ಬೆಳೆ ಸಮೀಕ್ಷೆಯಲ್ಲಿದೆ. ರೈತ ಸಂಪರ್ಕ ಕೇಂದ್ರ ಮತ್ತು ಗ್ರಾಮ ಆಡಳಿತ ಅಧಿಕಾರಿಯ ಕೆಲಸ. ಹೆಸರಿದ್ದು ಪಾವತಿ ವಿಫಲ ಎಂದಿದ್ದರೆ ಬ್ಯಾಂಕಿಗೆ ಹೋಗಿ, ಸರಿಯಾದ ಮೇಲೆ ತಾಲ್ಲೂಕು ಕಚೇರಿಯಲ್ಲಿ ಹಣವನ್ನು ಮತ್ತೆ ಕಳಿಸುವಂತೆ ಕೇಳಿ. ಪಾವತಿಯಾಗಿದೆ ಎಂದಿದ್ದರೆ ಯಾವ ಬ್ಯಾಂಕಿಗೆ ಎಂಬುದನ್ನು ‘ಡಿಬಿಟಿ ಕರ್ನಾಟಕ’ ಆ್ಯಪ್ ತೋರಿಸುತ್ತದೆ. ಹಣ ಮರೆತ ಖಾತೆಯೊಂದರಲ್ಲಿ ಇರುತ್ತದೆ. ಇದನ್ನು ನೋಡದೆ ಹೋದರೆ ಬ್ಯಾಂಕಿನವರು ತಾಲ್ಲೂಕು ಕಚೇರಿಗೆ, ಅಲ್ಲಿಯವರು ಕೃಷಿ ಇಲಾಖೆಗೆ ಎಂದು ಕಳಿಸುತ್ತಲೇ ಇರುತ್ತಾರೆ, ದಿನದ ಕೂಲಿ ಹೋಗುತ್ತಲೇ ಇರುತ್ತದೆ.

ಮೇಲಿನ ಯಾವ ತಿದ್ದುಪಡಿಯೂ ಮುಟ್ಟದ ಒಂದು ವರ್ಗ ಉಳಿಯುತ್ತದೆ. ವಾರಕ್ಕೆ, ಕೋರಿಗೆ (ಬೆಳೆಯಲ್ಲಿ ಪಾಲು ಕೊಟ್ಟು), ಗುತ್ತಿಗೆಗೆ ಬೇರೆಯವರ ಹೊಲ ಮಾಡುವವರು. ಭೂಸುಧಾರಣಾ ಕಾಯ್ದೆಯ 1974ರ ತಿದ್ದುಪಡಿಯ ನಂತರ ಕರ್ನಾಟಕದಲ್ಲಿ ಕೃಷಿ ಜಮೀನನ್ನು ಗೇಣಿಗೆ ಕೊಡುವಂತಿಲ್ಲ. ಕೊಡುವುದು ಮಾತ್ರ ನಿಂತಿಲ್ಲ, ಕಾಗದ ಇರುವುದಿಲ್ಲ ಅಷ್ಟೇ. ಬೀಜ, ಗೊಬ್ಬರ, ದುಡಿಮೆ ಎಲ್ಲ ಗುತ್ತಿಗೆದಾರರದು, ಪರಿಹಾರ ಜಮೆಯಾಗುವುದು ಪಟ್ಟಣದಲ್ಲಿರುವ ಪಹಣಿದಾರರ ಖಾತೆಗೆ. ಕೆಲವರು ಕರೆದು ಕೊಡುತ್ತಾರೆ, ಕೆಲವರು ಕೊಡುವುದಿಲ್ಲ. ಕೇಳಲು ಕಾನೂನಿನ ನೆಲೆ ಇಲ್ಲ. ಬೆಳೆ ಸಮೀಕ್ಷೆ ಹೇಗೂ ಪ್ರತಿ ಹೊಲಕ್ಕೆ ಹೋಗುತ್ತದೆ. ಉಳುವವರು ಯಾರು ಎಂಬ ಒಂದು ಕಾಲಂ ಅದರಲ್ಲಿ ಸೇರಿಸಿ, ಒಡೆತನದ ಹಕ್ಕಿಗೆ ಅದು ಸಾಕ್ಷಿಯಾಗದು ಎಂದು ಕಾಯ್ದೆಯಲ್ಲೇ ಬರೆದರೆ ಭೂಮಾಲೀಕರ ಭಯವೂ ತಗ್ಗುತ್ತದೆ, ಇನ್‌ಪುಟ್ ಸಬ್ಸಿಡಿ ಇನ್‌ಪುಟ್ ಹಾಕಿದವರಿಗೆ ಸೇರುತ್ತದೆ. ಇದಕ್ಕೆ ಹೊಸ ತಂತ್ರಾಂಶ ಬೇಡ, ವಿಧಾನಮಂಡಲದಲ್ಲಿ ಒಂದು ತಿದ್ದುಪಡಿ ಸಾಕು. ಅದು ಆಗುವವರೆಗೆ, ಗುತ್ತಿಗೆ ಮಾತಾಡುವಾಗಲೇ ಪರಿಹಾರ ಬಂದರೆ ಯಾರಿಗೆ, ವಿಮೆಯ ಕಂತು ಯಾರದು ಎಂಬುದನ್ನು ಊರಿನ ಇಬ್ಬರು ಹಿರಿಯರ ಮುಂದೆ ಮಾತಾಡಿಕೊಂಡು ಹೊಲಕ್ಕಿಳಿಯುವುದು ಒಳ್ಳೆಯದು.